ಲಾರಿ ಒಂದು, ಡಬ್ಬ ಮೂರು: ಪುಣೆಯ ಕಸ ಮತ್ತು ಹುಕ್ ಲೋಡರ್ ಕಥೆ

ವಾಕಡ್, ಬಾಣೇರ್, ಖರಾಡಿ, ಮಗರ್‌ಪಟ್ಟಾ ಅಂತ ಪುಣೆಯ ಮೂಲೆ ಮೂಲೆಯಲ್ಲಿ ಕೂತು ಈ ಮಾತು ಕೇಳ್ತಿರೋ ನಮ್ಮವರಿಗೆ ಇವತ್ತು ಒಂದು ಲಾರಿಯ ಇತಿಹಾಸ ಹೇಳ್ತೀನಿ. ಬೆಳಗ್ಗೆ ಗಂಟೆ ಬಾರಿಸಿಕೊಂಡು ಬರೋ ಘಂಟಾಗಾಡಿ ನಿಮಗೆ ಗೊತ್ತು. ಅದು ನಮ್ಮ ಕಸ ತಗೊಂಡು ಹೋಗೋದು ನೇರವಾಗಿ ಡಿಪೋಗಲ್ಲ. ಮೊದಲು ಊರೊಳಗಿನ ಒಂದು 'ರ‍್ಯಾಂಪ್'ಗೆ ಹೋಗುತ್ತೆ. ಅಲ್ಲಿ ಚಿಕ್ಕ ಗಾಡಿ ಎತ್ತರದಲ್ಲಿ ನಿಂತು ಕೆಳಗಿರೋ ದೊಡ್ಡ ಡಬ್ಬಕ್ಕೆ ಕಸ ಸುರಿಯುತ್ತೆ. ಆ ದೊಡ್ಡ ಡಬ್ಬವನ್ನ ಮುಂದಕ್ಕೆ ಯಾರು, ಯಾವ ಗಾಡಿಯಲ್ಲಿ, ಎಲ್ಲಿಗೆ ಸಾಗಿಸ್ತಾರೆ ಅನ್ನೋದೇ ಇವತ್ತಿನ ವಿಷಯ.

ಹುಕ್ ಲೋಡರ್ ಅಥವಾ ಹುಕ್‌ಲಿಫ್ಟ್ ಅಂದರೆ ಬೆನ್ನ ಮೇಲೆ ಬಾಡಿ ಇಲ್ಲದ ಲಾರಿ. ಚಾಸಿಯ ಮೇಲೆ ಹೈಡ್ರಾಲಿಕ್‌ನಿಂದ ಆಡುವ ಒಂದು ತೋಳು, ಅದರ ತುದಿಗೆ ಕೊಕ್ಕೆ. ಡಬ್ಬದ ಮುಂಭಾಗದಲ್ಲಿ ಒಂದು ಗಟ್ಟಿ ಸರಳು, ಹಿಂಭಾಗದಲ್ಲಿ ಉರುಳೆಗಳು. ಡ್ರೈವರ್ ಲಾರಿಯನ್ನ ಹಿಂದಕ್ಕೆ ತಂದು ಕೊಕ್ಕೆಯನ್ನ ಸರಳಿಗೆ ಸಿಕ್ಕಿಸ್ತಾನೆ, ತೋಳನ್ನ ಮುಂದಕ್ಕೆ ಮಡಚ್ತಾನೆ. ಡಬ್ಬ ಓರೆಯಾಗಿ ಮೇಲೆದ್ದು ಲಾರಿಯ ಮೇಲೆ ಜಾರಿ ಬಂದು ಕೂರುತ್ತೆ. ಇಳಿಸೋದಕ್ಕೆ ಇದರ ಉಲ್ಟಾ. ಅದೇ ತೋಳು ಹಿಂದಕ್ಕೆ ಎತ್ತಿದರೆ ಟಿಪ್ಪರ್ ಥರ ಸುರಿಯಲೂಬಹುದು. ಡ್ರೈವರ್ ಕ್ಯಾಬಿನ್‌ನಿಂದ ಇಳಿಯೋದೇ ಬೇಡ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಂಜಿನ್ ಬೇರೆ, ಪೇಲೋಡ್ ಬೇರೆ. ಸರ್ವರ್ ಒಂದೇ ಇದ್ದು ಕಂಟೇನರ್ ಬದಲಾಯಿಸಿದ ಹಾಗೆ.

ಈ 'ಬೇರೆ ಮಾಡುವ' ಯೋಚನೆ ಹುಟ್ಟಿದ್ದೂ ಕಸದ ಸುತ್ತಲೇ. ಅಮೆರಿಕದ ಟೆನ್ನೆಸ್ಸೀ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಡೆಂಪ್‌ಸ್ಟರ್ ಸೋದರರ ಕಂಪನಿ 1930ರ ದಶಕದಲ್ಲಿ ಡಬ್ಬವನ್ನ ಲಾರಿಗೆ ಎತ್ತಿಕೊಳ್ಳುವ ಯಂತ್ರ ಮಾಡಿತು. ಹೆಸರು ಡೆಂಪ್‌ಸ್ಟರ್ ಡಂಪ್‌ಸ್ಟರ್. ಅಮೆರಿಕದವರು ಇವತ್ತಿಗೂ ಕಸದ ದೊಡ್ಡ ಡಬ್ಬಕ್ಕೆ 'ಡಂಪ್‌ಸ್ಟರ್' ಅನ್ನೋದು ಅದರಿಂದಲೇ. ನಮ್ಮ ನಗರಪಾಲಿಕೆಗಳಲ್ಲಿ ಓಡಾಡುವ 'ಡಂಪರ್ ಪ್ಲೇಸರ್', ಅಂದ್ರೆ ಎರಡು ತೋಳು, ನಾಲ್ಕು ಸರಪಳಿಯಲ್ಲಿ ಡಬ್ಬ ಎತ್ತೋ ಲಾರಿ, ಅದೂ ಇದೇ ಯೋಚನೆಯ ಸಂತಾನ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್‌ನ 'ಐಡಿಯಲ್ ಎಕ್ಸ್' ಹಡಗು 58 ಪೆಟ್ಟಿಗೆ ಹೊತ್ತು ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತಲ್ಲ, ಅಲ್ಲಿ ಹಡಗುಗಳಿಗೆ ಸಿಕ್ಕಿದ್ದೂ ಇದೇ ಪಾಠ: ಸರಕು ತುಂಬೋವರೆಗೆ ವಾಹನ ಕಾಯಬಾರದು.

ಆದರೆ ಸರಪಳಿ ಹಾಕೋಕೆ ಜನ ಬೇಕು, ಹಡಗಿನ ಪೆಟ್ಟಿಗೆಗೆ ಕ್ರೇನ್ ಬೇಕು. ಎರಡೂ ಬೇಡ ಅಂದಿದ್ದು ಯುರೋಪಿನ ಕೊಕ್ಕೆ. ಫಿನ್ಲೆಂಡಿನ ಮಲ್ಟಿಲಿಫ್ಟ್, ಫ್ರಾನ್ಸಿನ ಮಾರೆಲ್ ಈ ಕ್ಷೇತ್ರದ ಹಳೆಯ ಹೆಸರುಗಳು. ಮಾರೆಲ್‌ನ 'ಆಂಪ್ಲಿರೋಲ್' ಅನ್ನೋ ಬ್ರ್ಯಾಂಡು ಫ್ರಾನ್ಸಿನಲ್ಲಿ ಇಡೀ ಜಾತಿಗೇ ಹೆಸರಾಯಿತು, ನಮ್ಮಲ್ಲಿ ದೊಡ್ಡ ಟಿಪ್ಪರ್‌ಗಳನ್ನೆಲ್ಲ 'ಹೈವಾ' ಅಂತಾರಲ್ಲ, ಹಾಗೆ. ಹೈವಾ ಅನ್ನೋದು ನಿಜಕ್ಕೂ ಟಿಪ್ಪರ್ ಸಿಲಿಂಡರ್ ಮಾಡುವ ಡಚ್ ಕಂಪನಿಯ ಹೆಸರು. ಆಮೇಲೆ ಜರ್ಮನಿಯವರು ಡಿನ್ 30722 ಅನ್ನೋ ಮಾನದಂಡದಲ್ಲಿ ಕೊಕ್ಕೆಯ ಎತ್ತರ 1570 ಮಿಲಿಮೀಟರ್ ಅಂತ ಗಟ್ಟಿ ಮಾಡಿದರು. ಇದು ಸಣ್ಣ ವಿಷಯ ಅಲ್ಲ. ಎತ್ತರ ಒಂದೇ ಆದರೆ ಯಾರ ಲಾರಿ ಬೇಕಾದ್ರೂ ಯಾರ ಡಬ್ಬ ಬೇಕಾದ್ರೂ ಎತ್ತಬಹುದು. ಇಂಟರ್‌ಫೇಸ್ ಒಂದೇ ಇದ್ರೆ ವೆಂಡರ್ ಬದಲಾಯಿಸಬಹುದು, ಅಷ್ಟೇ ಲಾಜಿಕ್ಕು. ಮುಂದೆ ಬ್ರಿಟಿಷ್ ಸೇನೆ ಮದ್ದುಗುಂಡು ಸಾಗಿಸೋಕೆ 'ಡ್ರಾಪ್ಸ್' ಅಂತ, ಅಮೆರಿಕದ ಸೇನೆ 'ಪಿಎಲ್‌ಎಸ್' ಅಂತ ಇದೇ ಕೊಕ್ಕೆಯ ಲಾರಿಗಳನ್ನ ತಗೊಂಡವು.

ಹಾಗಾದ್ರೆ ನಮ್ಮಲ್ಲಿಗೆ ಯಾಕೆ ತಡವಾಗಿ ಬಂತು? ನಮ್ಮ ಲಾರಿ ಸಂಸ್ಕೃತಿಯೇ ಬೇರೆ. ಪುಣೆ-ಬೆಂಗಳೂರು ಹೈವೇಯಲ್ಲಿ ಊರಿಗೆ ಹೋಗುವಾಗ ನೋಡಿರ್ತೀರಿ, ಕ್ಯಾಬಿನ್ ಇಲ್ಲದ ಹೊಸ ಚಾಸಿ ಮೇಲೆ ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಗಾಳಿಗೆ ಮುಖ ಕೊಟ್ಟು ಓಡಿಸ್ತಿರೋದು. ಕಂಪನಿ ಚಾಸಿ ಕೊಡುತ್ತೆ, ಬಾಡಿ ಕಟ್ಟೋದು ಮಾಲೀಕನ ಜವಾಬ್ದಾರಿ. ಇದರಲ್ಲಿ ನಮ್ಮವರೂ ಕಡಿಮೆ ಇಲ್ಲ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರರ ವಿಆರ್‌ಎಲ್ ಮುಂದೆ ಹುಬ್ಬಳ್ಳಿಯಲ್ಲಿ ತನ್ನ ಲಾರಿಗಳ ಬಾಡಿಯನ್ನ ತಾನೇ ಕಟ್ಟಿಕೊಳ್ಳೋಕೆ ನಿಂತಿತು. ಬಾಡಿ ಹಗುರ ಆದಷ್ಟೂ ಸರಕು ಜಾಸ್ತಿ, ಲಾಭ ಅಲ್ಲೇ ಇರೋದು. ಆದರೆ ಕಸದ ವಿಷಯ ಬಂದಾಗ ನಗರಪಾಲಿಕೆಗಳು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ರಸ್ತೆ ಬದಿಗೆ ಕಸ ರಾಶಿ, ಜೆಸಿಬಿಯಿಂದ ಟಿಪ್ಪರ್‌ಗೆ ತುಂಬು, ಮೇಲೊಂದು ಹರಿದ ಟಾರ್ಪಾಲು, ಊರಾಚೆ ಸುರಿ. ಮುಗೀತು.

ಇದನ್ನ ಅಲುಗಾಡಿಸಿದ್ದು ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿದ್ದ ಒಬ್ಬ ಹೆಣ್ಣುಮಗಳು. ಇಂಜಿನಿಯರಿಂಗ್ ಓದಿದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಊರುಗಳ ಕಸದ ಬಗ್ಗೆ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕೋರ್ಟು ಸಮಿತಿ ಮಾಡಿತು, 1999ರಲ್ಲಿ ವರದಿ ಬಂತು, 2000ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆ ಮೊದಲ ನಗರ ಘನತ್ಯಾಜ್ಯ ನಿಯಮಗಳು ಬಂದವು. ಅದರಲ್ಲಿ ಸಾಗಣೆಯ ಬಗ್ಗೆ ಎರಡು ಮಾತಿದ್ದವು. ಕಸದ ಗಾಡಿ ಮುಚ್ಚಿರಬೇಕು. ಮತ್ತೆ ಮತ್ತೆ ಕಸವನ್ನ ಕೈಯಾಡಿಸದ ಹಾಗೆ ಗಾಡಿಯ ವಿನ್ಯಾಸ ಇರಬೇಕು. ಈ ಎರಡನೇ ಷರತ್ತು ಓದಿದರೆ ಹುಕ್ ಲೋಡರ್‌ನ ಸ್ಪೆಸಿಫಿಕೇಶನ್ ಓದಿದ ಹಾಗೇ ಅನ್ಸುತ್ತೆ. ತುಂಬಿದ ಡಬ್ಬವೇ ಸಾಗುತ್ತೆ, ಕಸ ಮಧ್ಯದಲ್ಲಿ ನೆಲ ಮುಟ್ಟಲ್ಲ.

ಈಗ ಪುಣೆಗೆ ಬರೋಣ. 1981ರ ಹೊತ್ತಿಗೆ ನಗರದ ಕಸ ಸಾಸವಡ ರಸ್ತೆಯ ಕಡೆಯ ಉರುಳಿ ದೇವಾಚಿ, ಫುರಸುಂಗಿ ಗ್ರಾಮಗಳ ಹಳೆಯ ಕಲ್ಲುಗಣಿಗಳಿಗೆ ಹೋಗೋಕೆ ಶುರುವಾಯಿತು. ಊರು ಬೆಳೀತು, ಐಟಿ ಬಂತು, ನಾವೆಲ್ಲ ಬಂದ್ವಿ, ಗಣಿ ಬೆಟ್ಟವಾಯಿತು. ಅಲ್ಲಿನ ಬಾವಿ ನೀರು ಕೆಟ್ಟಿತು. 2014ರ ಆಸುಪಾಸಿನಲ್ಲಿ ಹಳ್ಳಿಯವರು ಲಾರಿಗಳನ್ನ ಹಲವು ಸಲ ತಡೆದರು. 2017ರ ಏಪ್ರಿಲ್‌ನಲ್ಲಿ ಡಿಪೋಗೆ ಬೆಂಕಿ ಬಿದ್ದ ಮೇಲೆ ಮೂರು ವಾರಕ್ಕೂ ಮೀರಿ ತಡೆದರು, ಪುಣೆಯ ಬೀದಿಗಳು ನಾರಿದವು. ಬೆಂಗಳೂರಿನ ಮಾವಳ್ಳಿಪುರ, ಮಂಡೂರಿನ ಕಥೆ ಗೊತ್ತಿರೋರಿಗೆ ಇದರಲ್ಲಿ ಹೊಸದೇನೂ ಇಲ್ಲ. ಲಾರಿ ಅಲ್ಲೂ ಹೀಗೇ ಹಳ್ಳಿಯ ಗಡಿಯಲ್ಲಿ ನಿಂತಿತ್ತು.

ಡಿಪೋ ದೂರವಾದಷ್ಟೂ ಲಾರಿಯ ಲೆಕ್ಕ ಮುಖ್ಯ ಆಗುತ್ತೆ. ಒಂದು ಉದಾಹರಣೆ ಇಟ್ಟುಕೊಳ್ಳಿ. ಹೋಗಿ ಸುರಿದು ಬರೋಕೆ ಎರಡು ಗಂಟೆ, ರ‍್ಯಾಂಪ್ ಕೆಳಗೆ ನಿಂತು ತುಂಬಿಸಿಕೊಳ್ಳೋಕೆ ಒಂದೂವರೆ ಗಂಟೆ. ಹತ್ತು ಗಂಟೆಯ ಪಾಳಿಯಲ್ಲಿ ಪೂರ್ತಿ ಆಗೋದು ಎರಡೇ ಟ್ರಿಪ್ಪು. ಹುಕ್ ಲೋಡರ್ ಆದರೆ ಖಾಲಿ ಡಬ್ಬ ಇಳಿಸಿ ತುಂಬಿದ ಡಬ್ಬ ಎತ್ತೋಕೆ ಕಾಲು ಗಂಟೆ ಹಿಡೀರಿ, ನಾಲ್ಕು ಟ್ರಿಪ್ಪು ಆಗುತ್ತೆ. ಲಾರಿ ಒಂದು, ಡಬ್ಬ ಮೂರು, ಕೆಲಸ ದುಪ್ಪಟ್ಟು.

ಇದನ್ನ ಕೇಳಿ 'ಹಾಗಾದ್ರೆ ದೊಡ್ಡದೇ ತಗೊಳ್ಳೋಣ' ಅನ್ಬೇಡಿ. ಆಯ್ಕೆಯ ಅಸಲಿ ಪ್ರಶ್ನೆ ತೂಕದ್ದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿತು. ಎರಡು ಆಕ್ಸಲ್ ಲಾರಿಯ ಒಟ್ಟು ತೂಕ 16.2 ಟನ್‌ನಿಂದ 18.5ಕ್ಕೆ, ಮೂರು ಆಕ್ಸಲ್‌ದು 25ರಿಂದ 28.5ಕ್ಕೆ ಹೋಯಿತು. ಮೂರು ಆಕ್ಸಲ್ ಲಾರಿಯ ಅಂದಾಜು ಲೆಕ್ಕ ಹಾಕಿ: ಚಾಸಿ ಮತ್ತು ಕ್ಯಾಬಿನ್ 8 ಟನ್, ಹುಕ್ ಯಂತ್ರ ಎರಡೂವರೆ, 20 ಘನಮೀಟರಿನ ಕಾಂಪ್ಯಾಕ್ಟರ್ ಡಬ್ಬ 5. ಉಳಿದಿದ್ದು 13 ಟನ್. ಅಂದ್ರೆ ಒಂದು ಘನಮೀಟರಿಗೆ 650 ಕಿಲೋ ಅಷ್ಟೇ ತುಂಬಬಹುದು.

ಇಲ್ಲೇ ನೋಡಿ ತಮಾಷೆ ಇರೋದು. ಪಶ್ಚಿಮದ ದೇಶಗಳ ಕಸ ರಟ್ಟು, ಪ್ಲಾಸ್ಟಿಕ್ಕು, ಗಾಳಿ. ಒಂದು ಘನಮೀಟರಿಗೆ ನೂರಿನ್ನೂರು ಕಿಲೋ. ಅದನ್ನ ಮೂರ್ನಾಲ್ಕು ಪಟ್ಟು ಒತ್ತಬಹುದು, ಹಾಗಾಗಿ ಅಲ್ಲಿ ಕಾಂಪ್ಯಾಕ್ಟರ್‌ಗೆ ಅರ್ಥ ಇದೆ. ನಮ್ಮ ಕಸ ಅನ್ನ, ತರಕಾರಿ ಸಿಪ್ಪೆ, ಎಳನೀರು ಬುರುಡೆ, ಮಣ್ಣು. ಒತ್ತೋ ಮುಂಚೆಯೇ 400ರಿಂದ 600 ಕಿಲೋ ತೂಗುತ್ತೆ. ಸ್ವಲ್ಪ ಒತ್ತಿದರೆ ಸಾಕು, ಕಾನೂನಿನ ಮಿತಿ ಮುಟ್ಟಿಬಿಡ್ತೀವಿ. ಹೆಚ್ಚು ಒತ್ತಿದರೆ ಬರೋದು ನೀರು, ಕಪ್ಪು ರಸ. ಹಾಗಾಗಿ ಹಸಿ ಕಸಕ್ಕೆ ಭಾರದ ಕಾಂಪ್ಯಾಕ್ಟರ್ ಬದಲು ಹಗುರವಾದ ಮುಚ್ಚಿದ ಡಬ್ಬ ವಾಸಿ. ಬೇರ್ಪಡಿಸಿದ ಒಣ ಕಸಕ್ಕೆ ಕಾಂಪ್ಯಾಕ್ಟರ್ ಸರಿ. ನಾವು ಮನೆಯಲ್ಲಿ ಎರಡು ಬುಟ್ಟಿ ಇಡೋದಕ್ಕೂ ನಗರಪಾಲಿಕೆ ಯಾವ ಡಬ್ಬ ತಗೋಬೇಕು ಅನ್ನೋದಕ್ಕೂ ಹೀಗೆ ನೇರ ಸಂಬಂಧ ಇದೆ.

ಕಟ್ಟೋದರಲ್ಲೂ ಸೂಕ್ಷ್ಮಗಳಿವೆ. ಹುಕ್ ಯಂತ್ರವನ್ನ ಚಾಸಿಗೆ ನೇರವಾಗಿ ಕೂರಿಸಲ್ಲ, ಮಧ್ಯೆ ಒಂದು ಸಬ್‌ಫ್ರೇಮ್ ಬೇಕು. ಡಬ್ಬ ಎತ್ತುವ ಕ್ಷಣದಲ್ಲಿ ಭಾರವೆಲ್ಲ ಹಿಂಬದಿಯ ಉರುಳೆಯ ಮೇಲೆ ಬೀಳುತ್ತೆ, ಅದನ್ನ ಉದ್ದಕ್ಕೂ ಹಂಚಬೇಕು. ಚಾಸಿಯ ಉದ್ದಪಟ್ಟಿಯ ಮೇಲಂಚು, ಕೆಳಂಚಿಗೆ ತೂತು ಕೊರೆಯಬಾರದು, ಸಿಕ್ಕಸಿಕ್ಕಲ್ಲಿ ವೆಲ್ಡ್ ಮಾಡಬಾರದು, ಬಿರುಕು ಅಲ್ಲಿಂದಲೇ ಶುರುವಾಗೋದು. ಹಿಂದೆ ಚಾಚಿದ ಭಾಗ ವೀಲ್‌ಬೇಸಿನ ಶೇ. 60 ದಾಟಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಪಂಪು ತಿರುಗೋಕೆ ಗೇರ್‌ಬಾಕ್ಸಿನಿಂದ ಶಕ್ತಿ ತೆಗೆಯೋ ಪಿಟಿಓ ಬೇಕು. ಡಬ್ಬದ ಹಿಂಬಾಗಿಲಿಗೆ ಒಳ್ಳೆ ರಬ್ಬರ್ ಸೀಲ್ ಬೇಕು, ಯಾಕಂದ್ರೆ ಡಬ್ಬ ಓರೆಯಾದ ಕೂಡಲೇ ಕಸದ ರಸವೆಲ್ಲ ಹಿಂದಕ್ಕೆ ಬರುತ್ತೆ. ಜಾಗವೂ ಬೇಕು. ಲಾರಿ ಮತ್ತು ಡಬ್ಬ ಒಂದೇ ಸಾಲಲ್ಲಿ ನಿಲ್ಲೋವಷ್ಟು ಉದ್ದ, ಮೇಲೆ ಕರೆಂಟ್ ತಂತಿ ಇಲ್ಲದಷ್ಟು ಎತ್ತರ. ಪೇಟೆಯ ಹಳೆ ಗಲ್ಲಿಗಳಲ್ಲಿ ಇದು ಆಗದ ಮಾತು. ಅಲ್ಲಿಗೆ ಚಿಕ್ಕ ಗಾಡಿಯೇ ಗತಿ. 2005ರಲ್ಲಿ ಬಂದ ಟಾಟಾ ಏಸ್, ಅದೇ ನಮ್ಮ ಛೋಟಾ ಹಾಥಿ, ಕಸದ ಗಾಡಿಯಾಗಿ ಇಷ್ಟು ಊರು ಸೇರಿದ್ದಕ್ಕೆ ಕಾರಣವೂ ಅದೇ.

ಇಷ್ಟೆಲ್ಲ ಮಾಡೋಕೆ ಪುಣೆಗಿಂತ ಒಳ್ಳೆ ಊರು ಸಿಗೋದು ಕಷ್ಟ. ಪಿಂಪ್ರಿಯಲ್ಲಿ ಟಾಟಾ ಮೋಟರ್ಸ್, ಭೋಸರಿಯಲ್ಲಿ ಫ್ಯಾಬ್ರಿಕೇಶನ್ ಶೆಡ್ಡುಗಳು ಮತ್ತು ಸಿಐಆರ್‌ಟಿ, ಗುಡ್ಡದ ಮೇಲೆ 1966ರಿಂದ ಇರೋ ಎಆರ್‌ಎಐ. ಭಾನುವಾರ ಬೆಳಗ್ಗೆ ವಾಕಿಂಗಿಗೆ ಅಂತ ನೀವು ಹತ್ತೋ 'ಎಆರ್‌ಎಐ ಟೇಕಡಿ'ಗೆ ಹೆಸರು ಬಂದಿದ್ದು ಈ ವಾಹನ ಪರೀಕ್ಷಾ ಸಂಸ್ಥೆಯಿಂದ. ಹೈಡ್ರಾಲಿಕ್ ಸಿಲಿಂಡರಿನ ವಿಷಯದಲ್ಲಿ ಬೆಂಗಳೂರಿಗೂ ಪಾಲಿದೆ. ನಮ್ಮಲ್ಲಿ ಎಷ್ಟೋ ಜನ ಕೆಲಸ ಮಾಡಿರೋ ವಿಪ್ರೋ, ಕಂಪ್ಯೂಟರಿಗೆ ಕೈ ಹಾಕೋ ಮುಂಚೆಯೇ, 1970ರ ದಶಕದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಮಾಡೋಕೆ ಇಳಿದಿತ್ತು.

ಕೊನೆಗೆ ಒಂದು ಮಾತು, ಇದು ಲಾರಿಗಿಂತ ದೊಡ್ಡದು. ಪುಣೆಯಲ್ಲಿ ಕಸ ಆಯುವವರು 1993ರಲ್ಲೇ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಅನ್ನೋ ಸಂಘಟನೆ ಕಟ್ಟಿದರು. ಬಹುಪಾಲು ದಲಿತ ಹೆಣ್ಣುಮಕ್ಕಳು. 2008ರಲ್ಲಿ ಅದರಿಂದಲೇ 'ಸ್ವಚ್ಛ್' ಸಹಕಾರ ಸಂಘ ಹುಟ್ಟಿ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಮನೆಮನೆಗೆ ಬಂದು ಕಸ ತಗೊಂಡು, ಮಾರಬಹುದಾದ್ದನ್ನ ಬೇರ್ಪಡಿಸಿ ಮಾರಿ, ಅದರಲ್ಲೂ ಬದುಕುವವರು ಇವರು. ಮುಚ್ಚಿದ ಡಬ್ಬ ಅಂದರೆ ಇವರ ಪಾಲಿಗೆ ಬೀಗ ಹಾಕಿದ ತಿಜೋರಿ. ಒಳಗೆ ಬಿದ್ದ ಪುಟ್ಟ ಮತ್ತು ಬಾಟಲಿ ಮತ್ತೆ ಕೈಗೆ ಸಿಗಲ್ಲ, ಒತ್ತಿ ಕೆಟ್ಟು ಹೋಗುತ್ತೆ. ಹಾಗಾಗಿ ಬೇರ್ಪಡಿಸೋ ಕೆಲಸ ಮುಗಿದ ಮೇಲೆ ಡಬ್ಬ ಬರಬೇಕು, ಮುಂಚೆ ಅಲ್ಲ. ಈ ಕ್ರಮ ತಪ್ಪಿದರೆ ಅತ್ಯುತ್ತಮ ಹುಕ್ ಲೋಡರ್ ಕೂಡ ಮಾಡೋದು ಇಷ್ಟೇ: ಒಬ್ಬರ ಅನ್ನ ಕಿತ್ತುಕೊಂಡು ಇನ್ನೊಂದು ಹಳ್ಳಿಯ ಬಾವಿಗೆ ಹೊತ್ತು ಹಾಕೋದು, ಅದೂ ದಿನಕ್ಕೆ ಎರಡರ ಬದಲು ನಾಲ್ಕು ಟ್ರಿಪ್ಪು.

2016ರ ನಿಯಮಗಳ ಪ್ರಕಾರ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡೋ ಸೊಸೈಟಿ 'ದೊಡ್ಡ ಉತ್ಪಾದಕ' ಆಗಿತ್ತು. ನಮ್ಮ ಇನ್ನೂರು-ಮುನ್ನೂರು ಫ್ಲಾಟಿನ ಸೊಸೈಟಿಗಳೆಲ್ಲ ಹತ್ತಿರಹತ್ತಿರ ಅದೇ ಲೆಕ್ಕದವು. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ನಮ್ಮ ಹಸಿ ಕಸ ಗೇಟು ದಾಟ್ತಾ ಇದೆಯಾ, ದಾಟಿದರೆ ಯಾವ ಗಾಡಿಯಲ್ಲಿ, ಯಾವ ಊರಿಗೆ? ಉತ್ತರ ಸಿಕ್ಕಿದರೆ ಕೆಳಗೆ ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಮತ್ತೆ ಸಿಗೋಣ.