ಒಡವೆ ಮತ್ತು ಒಡೆಯ

ಬಂಗಾರಪೇಟೆಯ ನಿಲ್ದಾಣದಲ್ಲಿ ಒಮ್ಮೆ ಮಾರಿಕುಪ್ಪಂ ಗಾಡಿಗಾಗಿ ಕಾಯುತ್ತ ಕುಳಿತಿದ್ದೆ. ಪ್ರಯಾಣಿಕರು ತಮ್ಮ ‘ವ್ಯಾಲ್ಯುಬಲ್ಸ್’ ಬಗ್ಗೆ ಎಚ್ಚರವಾಗಿರಬೇಕೆಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ‘ಬೆಲೆಬಾಳುವ ವಸ್ತುಗಳು’ ಎಂದಿದ್ದರು. ಅನುವಾದದಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಅಜ್ಜಿಯಾಗಿದ್ದರೆ ‘ಒಡವೆ ವಸ್ತು ಜೋಪಾನ’ ಎನ್ನುತ್ತಿದ್ದಳು.

ಈ ಎರಡು ಮಾತುಗಳ ನಡುವೆ ಅಂತರವುಂಟು. ಇಂಗ್ಲಿಷ್ ಪದದ ಬೇರು ಬೆಲೆಯಲ್ಲಿದೆ. ನಮ್ಮ ‘ಒಡವೆ’ಯಾದರೋ ‘ಒಡೆಯ’, ‘ಒಡೆತನ’ಗಳ ಬಳಗಕ್ಕೆ ಸೇರಿದ್ದು. ಸ್ವತ್ತು ಎಂಬ ಅರ್ಥದ ತಮಿಳಿನ ‘ಉಡೈಮೈ’ ಇದರ ಜ್ಞಾತಿಪದ. ವಚನಕಾರರ ಕಾಲದಲ್ಲಿ ಒಡವೆಯೆಂದರೆ ಸಂಪತ್ತೆಲ್ಲವೂ ಆಗಿತ್ತು. ಬರಬರುತ್ತ ಅದು ಆಭರಣಕ್ಕೆ ಸೀಮಿತವಾಯಿತು. ಹೊಲಮನೆಗಳ ಮೇಲೆ ಹಕ್ಕಿಲ್ಲದ ಹೆಣ್ಣಿಗೆ ತನ್ನದೆಂದು ಹೇಳಿಕೊಳ್ಳಲು ಮೈಮೇಲಿನ ಚಿನ್ನವೊಂದೇ ಇದ್ದುದರಿಂದ ಹೀಗಾಗಿರಬಹುದೆಂದು ನನ್ನ ಊಹೆ. ಎಷ್ಟು ಬೆಲೆ ಎಂಬುದು ಒಂದು ಪ್ರಶ್ನೆ, ಯಾರದು ಎಂಬುದು ಇನ್ನೊಂದು.

ನಾನು ಕುಳಿತಿದ್ದ ಊರಿನ ಹೆಸರೂ ಇಂಥದೇ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ನೆನಪಿಗೆ ಅದು ಬೌರಿಂಗ್‌ಪೇಟೆ. ಜನರ ನಾಲಗೆ ಅದನ್ನು ಬಂಗಾರಪೇಟೆ ಮಾಡಿತು. ಪಕ್ಕದಲ್ಲೇ ಚಿನ್ನದ ಗಣಿಯಿರುವಾಗ ಸಾಹೇಬರ ಹೆಸರು ಬಹುಕಾಲ ನಿಲ್ಲುವುದಾದರೂ ಹೇಗೆ? ಹೆಸರನ್ನೇನೋ ಜನ ತಮ್ಮದಾಗಿಸಿಕೊಂಡರು. ಚಿನ್ನ ಮಾತ್ರ ಅವರದಾಗಲಿಲ್ಲ.

1802ರಲ್ಲಿ ಲೆಫ್ಟಿನೆಂಟ್ ವಾರನ್ ಇಲ್ಲಿಗೆ ಬಂದಾಗ ಸುತ್ತಲ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದ ಮೇಲೆ ಗಣಿ ಆಳಕ್ಕಿಳಿಯಿತು. ಕೊನೆಗೆ ಮೂರು ಕಿಲೋಮೀಟರಿಗೂ ಕೆಳಗೆ ಹೋಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು ಮೊದಲು ಈ ಗಣಿಗಳಿಗೇ. ಒಟ್ಟು ಎಂಟುನೂರು ಟನ್ನಿಗೂ ಮಿಕ್ಕಿ ಚಿನ್ನ ಮೇಲೆ ಬಂತು. ತಮಿಳು, ತೆಲುಗು ನಾಡುಗಳಿಂದ ಬಂದು ಆ ಕತ್ತಲಲ್ಲಿ ಬಂಡೆ ಕೊರೆದವರು ಕಲ್ಲಿನ ಧೂಳು ಕುಡಿದು ಪುಪ್ಪುಸದ ರೋಗ ತಂದುಕೊಂಡರು. ಕಳವಿನ ಗುಮಾನಿಯೂ ಅವರ ಮೇಲೆಯೇ. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆಯಹೊರಟಾಗ ಅವರು ಮುಷ್ಕರ ಹೂಡಿದರು. ತಾವು ಅಗೆದ ಚಿನ್ನ ತಮ್ಮದೆಂದು ಅವರು ಹೇಳಲಿಲ್ಲ. ತಮ್ಮನ್ನು ಕಳ್ಳರೆಂದು ಎಣಿಸಬಾರದೆಂದಷ್ಟೇ ಕೇಳಿದರು.

1956ರಲ್ಲಿ ಗಣಿಗಳು ಸರ್ಕಾರದ ಸ್ವತ್ತಾದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಬೆಲೆಬಾಳುವುದೆಲ್ಲ ಹೋಗಿ, ಸಯನೈಡ್ ಮಣ್ಣಿನ ದಿಬ್ಬಗಳೂ ಜನರೂ ಉಳಿದರು.

ಅಷ್ಟರಲ್ಲಿ ಗಾಡಿ ಬಂತು. ಎದುರಿಗೆ ಕುಳಿತ ತಾಯಿಯೊಬ್ಬಳು ಅಳುವ ಕೂಸನ್ನು ‘ತಂಗಂ, ತಂಗಂ’ ಎಂದು ಸಂತೈಸುತ್ತಿದ್ದಳು. ತೆಲುಗಿನವಳಾಗಿದ್ದರೆ ‘ಬಂಗಾರು’ ಎನ್ನುತ್ತಿದ್ದಳು, ನಮ್ಮವಳಾಗಿದ್ದರೆ ‘ಚಿನ್ನ’. ಆಕೆಯ ಕೊರಳಲ್ಲಿ ಅರಿಸಿನದ ದಾರವೊಂದೇ ಇತ್ತು. ಒಡವೆ ಎಂಬ ಪದದ ಹಳೆಯ ಅರ್ಥ ಅಂದು ನನಗೆ ಇನ್ನಷ್ಟು ತಿಳಿಯಿತು.