ಕಾಯಿ ಕಾಯುವ ಸೊನೆ

ಪ್ರತಿ ಮೇ ತಿಂಗಳು ಮಾಗಡಿ ಕಡೆಯ ನಮ್ಮೂರಿಂದ ಬಾದಾಮಿ ಮಾವು ತಂದು ಫ್ಲ್ಯಾಟಿನ ಮೂಲೆಯಲ್ಲಿ ಹಣ್ಣಿಗೆ ಹಾಕ್ತೀನಿ. ಕಾಯಾಗಿದ್ದಾಗ ಒಂದು ಚುಕ್ಕೆಯೂ ಇರಲ್ಲ. ಹಳದಿಗೆ ತಿರುಗಿದ್ದೇ ತಡ, ಮೈತುಂಬ ಕರಿ ಮಚ್ಚೆ. ನಮ್ಮನೆಯಲ್ಲೇ ಕೆಟ್ಟಿತು ಅಂದುಕೊಂಡಿದ್ದೆ. ಹಾಗಲ್ಲ.

ಅದು ಚಿಬ್ಬು ರೋಗ, ಕೊಲೆಟೊಟ್ರೈಕಮ್ ಅನ್ನೋ ಶಿಲೀಂಧ್ರದ ಕೆಲಸ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ತೋಪುಗಳಲ್ಲಿ ಹೂವು, ಮಿಡಿ ಇರುವಾಗ ಮಳೆ ಬಿದ್ದರೆ ಅದು ಆಗಲೇ ಸಿಪ್ಪೆ ಸೇರಿಬಿಡುತ್ತೆ. ಆದರೆ ಕಾಯಿ ಅದನ್ನು ವಾರಗಟ್ಟಲೆ ಬೆಳೆಯಲು ಬಿಡುವುದಿಲ್ಲ.

ಹೇಗೆ? ಮೊದಲ ಸುಳಿವು ಸಿಕ್ಕಿದ್ದು ಬೆಣ್ಣೆಹಣ್ಣಿನಲ್ಲಿ. ಅದರ ಕಾಯಿಯ ಸಿಪ್ಪೆಯಲ್ಲಿ ಶಿಲೀಂಧ್ರವನ್ನು ತಡೆಯುವ ರಾಸಾಯನಿಕವಿದೆ, ಹಣ್ಣಾಗುತ್ತಾ ಅದು ಕಡಿಮೆಯಾಗುತ್ತೆ ಎಂದು 1982ರಲ್ಲಿ ಡೊವ್ ಪ್ರಸ್ಕಿ ಮತ್ತು ಸಂಗಡಿಗರು ಬರೆದರು. 1986ರಲ್ಲಿ ಇಸ್ರೇಲಿನ ಸಂಶೋಧಕರು ಮಾವಿನ ಸಿಪ್ಪೆಯಲ್ಲೂ ಇಂಥ ಕಾವಲುಗಾರನನ್ನು ಗುರುತಿಸಿದರು. ಅದು ರೆಸಾರ್ಸಿನಾಲ್ ಗುಂಪಿನ ರಾಸಾಯನಿಕ. ಆಮೇಲೆ ಶ್ರೀಲಂಕಾದ ಪೇರಾದೆನಿಯ ವಿಶ್ವವಿದ್ಯಾಲಯದ ಎನ್.ಕೆ.ಬಿ. ಅದಿಕಾರಂ ಅವರ ತಂಡ ಮಾವಿನ ಸೊನೆಯನ್ನೇ ಪರೀಕ್ಷೆಗೆ ಹಚ್ಚಿತು. ಅದರಲ್ಲಿ ರೆಸಾರ್ಸಿನಾಲ್‌ಗಳ ಜೊತೆಗೆ ಶಿಲೀಂಧ್ರದ ಕೋಶಭಿತ್ತಿ ಕರಗಿಸುವ ಕೈಟಿನೇಸ್ ಕಿಣ್ವವೂ ಇತ್ತು. ಸೊನೆ ಒಳಗೇ ಉಳಿದರೆ ಕಾಯಿಗೆ ಬಲ.

ಇದನ್ನು ಓದಿದಾಗ ತಾತ ನೆನಪಾದರು. "ತೊಟ್ಟು ಉಳಿಸಿ ಕುಯ್ಯಿ ಮಗ, ಸೊನೆ ಮೈಗೆ ಬಿದ್ರೆ ಸುಡ್ತದೆ" ಅನ್ನೋರು. ಅವರ ಚಿಂತೆ ಸಿಪ್ಪೆಯ ಮೇಲಿನ ಕಲೆಯದ್ದು. ಆದರೆ ತೊಟ್ಟು ಉಳಿದಾಗ ಸೊನೆಯೂ ಒಳಗೇ ಉಳೀತಿತ್ತು. ಗೊತ್ತಿಲ್ಲದೆಯೇ ಅವರು ಎರಡು ಕೆಲಸ ಮಾಡ್ತಿದ್ರು.

ಈಗ ನಮ್ಮ ತೋಪು ಗುತ್ತಿಗೆಗೆ ಹೋಗುತ್ತೆ. ಗಾಡಿ ಕಾಯ್ತಿರುತ್ತೆ, ಆಳು ಕಡಿಮೆ. ದೋಟಿಯಲ್ಲಿ ಎಳೆದರೆ ತೊಟ್ಟು ಕಿತ್ತು ಸೊನೆಯೆಲ್ಲ ಸೋರಿಹೋಗುತ್ತೆ. ಕೇಳಿದರೆ ಚಿಕ್ಕಪ್ಪ, "ತೊಟ್ಟಿಗೆ ಮಂಡಿಯಲ್ಲಿ ಯಾರಪ್ಪ ದುಡ್ಡು ಕೊಡ್ತಾರೆ?" ಅಂದ್ರು. ಅದೂ ಸರಿಯೇ. ಹರಾಜಿನ ಹೊತ್ತಿಗೆ ಎಲ್ಲ ಕಾಯಿಯೂ ಹಸಿರೇ, ಎಲ್ಲವೂ ಚೆಂದವೇ. ಮಚ್ಚೆ ಏಳೋದು ನಮ್ಮ ನಿಮ್ಮ ಅಡುಗೆಮನೆಯಲ್ಲಿ. ಜೋಪಾನವಾಗಿ ಕುಯ್ದವನಿಗೂ ಎಳೆದು ಕೆಡವಿದವನಿಗೂ ಅಲ್ಲಿ ಒಂದೇ ರೇಟು. ಹಾಗಿದ್ದಮೇಲೆ ತಾತನ ಕಸುಬು ಉಳಿಯೋದು ಹೇಗೆ?

ಅದಕ್ಕೇ ಈ ಸಲ ಹೇಳಿಬಿಟ್ಟಿದ್ದೀನಿ: ಚಿಕ್ಕಪ್ಪ, ಬಾವಿ ಪಕ್ಕದ ಮರ ಒಂದು ಗುತ್ತಿಗೆಗೆ ಬೇಡ. ತೊಟ್ಟು ಉಳಿಸಿ ಕುಯ್ಯೋ ಕೂಲಿ ನಂದು.