ವೇದಿಕೆಯ ಮೈಕು: ಅದು ಕೇಳುವುದೇನು, ಕೇಳದಿರುವುದೇನು

ಶಾಲೆಯ ವಾರ್ಷಿಕೋತ್ಸವಕ್ಕೋ, ಗಣೇಶೋತ್ಸವಕ್ಕೋ, ಭಜನಾ ಮಂಡಳಿಗೋ ಒಂದು ಮೈಕು ಬೇಕೆಂದು ನೀವು ಅಂಗಡಿಗೆ ಹೋಗುತ್ತೀರಿ. ಅಂಗಡಿಯವರು ಒಂದನ್ನು ಕೈಗಿತ್ತು ಮಾತನಾಡಿ ನೋಡಿ ಎನ್ನುತ್ತಾರೆ. ನೀವು ಎರಡು ಬಾರಿ ‘ಹಲೋ’ ಎನ್ನುತ್ತೀರಿ. ದನಿ ಚೆನ್ನಾಗಿಯೇ ಕೇಳುತ್ತದೆ; ಹಣ ಕೊಟ್ಟು ತರುತ್ತೀರಿ. ಆದರೆ ಉತ್ಸವದ ದಿನ ಮೆಲುದನಿಯ ಹುಡುಗಿಯೊಬ್ಬಳು ಹಾಡಲು ನಿಂತಾಗ ತೊಡಕು ಮೊದಲಾಗುತ್ತದೆ. ಹಿಂದಿನ ಸಾಲಿನವರಿಗೂ ಕೇಳಲೆಂದು ದನಿಯನ್ನು ಏರಿಸಿದೊಡನೆ ಮೈಕು ‘ಕುಂಯ್’ ಎಂದು ಚೀರುತ್ತದೆ. ತಗ್ಗಿಸಿದರೆ ಹಾಡು ಕೇಳಿಸದು. ಕೊನೆಗೆ ಯಾರೋ ಹಿರಿಯರು, “ಇನ್ನಷ್ಟು ಗಟ್ಟಿಯಾಗಿ ಹಾಡಮ್ಮ” ಎನ್ನುತ್ತಾರೆ. ಯಂತ್ರದ ಕೊರತೆಯನ್ನು ಮಗುವಿನ ಗಂಟಲು ತುಂಬಿಕೊಡಬೇಕಾಗುತ್ತದೆ.

ಈ ಚೀರಾಟ ಇಂದು ನಿನ್ನೆಯದಲ್ಲ. ಧ್ವನಿವರ್ಧಕ ಹುಟ್ಟಿದಂದೇ ಅದೂ ಹುಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ನಾಪಾ ಎಂಬ ಊರಿನಲ್ಲಿ ಎಡ್ವಿನ್ ಪ್ರಿಡ್ಹಮ್ ಮತ್ತು ಪೀಟರ್ ಜೆನ್ಸೆನ್ ಎಂಬಿಬ್ಬರು 1915ರಲ್ಲಿ ಮೈಕಿಗೆ ಧ್ವನಿವರ್ಧಕವನ್ನು ಜೋಡಿಸಿ ನೋಡಿದಾಗ ಮೊದಲು ಕೇಳಿಬಂದದ್ದು ಇದೇ ಕೂಗು. ಮೈಕು ಹಿಡಿದ ದನಿಯನ್ನು ಧ್ವನಿವರ್ಧಕ ಹಿರಿದಾಗಿಸಿ ಹೊರಗೆಡಹುತ್ತದೆ; ಆ ಹಿರಿದಾದ ದನಿ ಮರಳಿ ಮೈಕಿಗೇ ಬಿದ್ದು ಇನ್ನೂ ಹಿರಿದಾಗುತ್ತದೆ. ಕ್ಷಣದೊಳಗೆ ಈ ಸುತ್ತು ನೂರಾರು ಬಾರಿ ನಡೆದು ಚೀರಾಟವಾಗುತ್ತದೆ. ಅವರಿಬ್ಬರು ಕಂಡುಕೊಂಡ ಉಪಾಯ ಸರಳವಾದದ್ದು: ಧ್ವನಿವರ್ಧಕವನ್ನು ಮಾಡಿನ ಮೇಲಿಟ್ಟು ಮೈಕನ್ನು ಮನೆಯೊಳಗೆ ಇಟ್ಟರು. ಆದರೆ ಹಾಡುಗಾರರನ್ನು ಮನೆಯೊಳಗೆ ಕೂರಿಸಿ ಸಭೆಯನ್ನು ಬಯಲಲ್ಲಿ ಕೂರಿಸಲಾದೀತೆ? ವೇದಿಕೆಯ ಮೇಲೆ ಇವೆರಡೂ ಕೂಡಿಯೇ ಇರಬೇಕು. ಮುಂದಿನ ಐವತ್ತು ವರ್ಷಗಳ ಚರಿತ್ರೆಯೆಲ್ಲ ಈ ಕೂಡುಬಾಳನ್ನು ಸಾಧಿಸಿದ ಕಥೆ.

ಮೈಕು ಬರುವ ಮುನ್ನ ಈ ಭಾರವೆಲ್ಲ ಗಂಟಲಿನದಾಗಿತ್ತು. ನಮ್ಮ ಕಂಪನಿ ನಾಟಕಗಳ ನಟರು, ಹರಿಕಥೆಯ ದಾಸರು, ಯಕ್ಷಗಾನದ ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದುದಕ್ಕೆ ರಸಿಕರ ರುಚಿಯೊಂದೇ ಕಾರಣವಲ್ಲ. ಕೊನೆಯ ಸಾಲಿಗೆ ಮುಟ್ಟಲು ಬೇರೆ ದಾರಿಯಿರಲಿಲ್ಲ. ಅಮೆರಿಕದಲ್ಲಿಯೂ 1920ರ ದಶಕದಲ್ಲಿ ರೂಡಿ ವ್ಯಾಲಿ ಎಂಬ ಗಾಯಕರು ಬಾಯಿಗೆ ಮೆಗಾಫೋನೆಂಬ ಕಹಳೆಯಾಕಾರದ ಕೊಳವೆಯನ್ನು ಹಿಡಿದು ಹಾಡುತ್ತಿದ್ದರು. ಮೈಕು ಬಂದಮೇಲೆ ಬಿಂಗ್ ಕ್ರಾಸ್ಬಿಯಂಥವರು ಪಕ್ಕದಲ್ಲಿ ಕುಳಿತು ಮಾತನಾಡಿದಂತೆ ಮೆಲ್ಲಗೆ ಹಾಡಿಯೂ ಸಾವಿರಾರು ಜನರನ್ನು ತಲುಪಿದರು. ಮೆಲುದನಿಗೂ ವೇದಿಕೆಯ ಮೇಲೆ ಹಕ್ಕುಂಟೆಂದು ತೋರಿಸಿಕೊಟ್ಟದ್ದು ಮೈಕಿನ ದೊಡ್ಡ ಉಪಕಾರ.

ರೇಡಿಯೋ ನಿಲಯದ ಮೈಕಿಗೆ ಚೀರಾಟದ ಭಯವಿಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರಷ್ಟೆ. ಅಂಥ ನಿಲಯದಲ್ಲಿ ಹಾಡುವ ಕೋಣೆ ಮೌನವಾಗಿರುತ್ತದೆ. ಕೇಳುವವರು ಊರಾಚೆ ತಮ್ಮ ತಮ್ಮ ಮನೆಗಳಲ್ಲಿರುತ್ತಾರೆ. ಆದುದರಿಂದ ಎಲ್ಲವನ್ನೂ ಸೂಕ್ಷ್ಮವಾಗಿ ಗ್ರಹಿಸುವ ಮೈಕು ಅಲ್ಲಿಗೆ ಒಪ್ಪುತ್ತದೆ. ಇ. ಸಿ. ವೆಂಟೆ 1916ರಲ್ಲಿ ರೂಪಿಸಿದ ಕಂಡೆನ್ಸರ್ ಮೈಕು, 1930ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ರಿಬ್ಬನ್ ಮೈಕು ಇವೆಲ್ಲ ಇಂಥವು. ರಿಬ್ಬನ್ ಮೈಕಿನೊಳಗಿನ ಲೋಹದ ಪಟ್ಟಿ ಎಷ್ಟು ತೆಳುವೆಂದರೆ ಜೋರಾಗಿ ಊದಿದರೆ ಅದಕ್ಕೆ ಹಾನಿ. ಕೈಯಲ್ಲಿ ಹಿಡಿದು ಓಡಾಡುವ ವಸ್ತು ಅದಲ್ಲ.

ವೇದಿಕೆಗೆ ಒದಗಿ ಬಂದದ್ದು ಇನ್ನೊಂದು ಜಾತಿ. 1931ರಲ್ಲಿ ಅದೇ ವೆಂಟೆ, ಥುರಾಸ್ ಎಂಬವರೊಡನೆ ಸೇರಿ ರೂಪಿಸಿದ ಡೈನಮಿಕ್ ಮೈಕು ಬಳಕೆಗೆ ಬಂತು. ಅದರಲ್ಲಿ ಒಂದು ತೆಳುಪೊರೆ. ಪೊರೆಗೆ ಅಂಟಿಕೊಂಡ ಸಣ್ಣ ತಂತಿಸುರುಳಿ. ಸುರುಳಿಯ ಸುತ್ತ ಅಯಸ್ಕಾಂತ. ದನಿಗೆ ಪೊರೆ ಅಲುಗಿದರೆ ಸುರುಳಿಯೂ ಅಲುಗಿ ವಿದ್ಯುತ್ತು ಹುಟ್ಟುತ್ತದೆ. ಗಟ್ಟಿಮುಟ್ಟಾದ ಸಾಧನ, ಹೊರಗಿನಿಂದ ವಿದ್ಯುತ್ತನ್ನೂ ಬೇಡುವುದಿಲ್ಲ. ಆದರೆ ಅದು ಸುತ್ತಲಿನದೆಲ್ಲವನ್ನೂ ಕೇಳುತ್ತಿತ್ತು. ಒಂದೇ ಕಡೆಗೆ ಕಿವಿಗೊಡುವ ಮೈಕು ಬೇಕೆಂದರೆ ಎರಡು ಬಗೆಯ ಅಂಗಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಬೇಕಾಗುತ್ತಿತ್ತು; ತೂಕವೂ ಹೆಚ್ಚು, ಬೆಲೆಯೂ ಹೆಚ್ಚು.

ಷಿಕಾಗೋದ ಶೂರ್ ಕಂಪನಿಯ ತರುಣ ಯಂತ್ರಜ್ಞ ಬೆಂಜಮಿನ್ ಬೌವರ್ ಈ ಗಂಟನ್ನು ಬಿಡಿಸಿದರು. 1939ರಲ್ಲಿ ಹೊರಬಂದ ಅವರ ‘ಯೂನಿಡೈನ್’ ಮೈಕಿನಲ್ಲಿ ಇದ್ದುದು ಒಂದೇ ಅಂಗ. ಪೊರೆಯ ಹಿಂಬದಿಗೂ ಗಾಳಿ ಹೋಗುವಂತೆ ಅವರು ಕಿಂಡಿಗಳನ್ನಿಟ್ಟು, ಆ ದಾರಿಯಲ್ಲಿ ದನಿ ತುಸು ತಡವಾಗಿ ಸಾಗುವಂತೆ ಮಾಡಿದರು. ಹಿಂದಿನಿಂದ ಬಂದ ದನಿ ಸುತ್ತಿಕೊಂಡು ಪೊರೆಯ ಮುಂಬದಿಗೆ ತಲುಪುವ ಹೊತ್ತಿಗೇ, ಕಿಂಡಿಯಿಂದ ನುಸುಳಿದ ಅದೇ ದನಿ ಹಿಂಬದಿಗೂ ತಲುಪುತ್ತದೆ. ಬಾಗಿಲನ್ನು ಒಳಗಿನಿಂದ ಒಬ್ಬರು, ಹೊರಗಿನಿಂದ ಒಬ್ಬರು ಸಮಬಲದಿಂದ ತಳ್ಳಿದರೆ ಬಾಗಿಲು ಅಲುಗುವುದುಂಟೆ? ಹಾಗೆಯೇ ಪೊರೆ ಅಲುಗುವುದಿಲ್ಲ. ಹಿಂದಿನ ದನಿ ಬಹುಪಾಲು ಅಡಗುತ್ತದೆ. ಇಂಥ ಮೈಕು ಕೇಳುವ ಕ್ಷೇತ್ರವನ್ನು ಕಾಗದದ ಮೇಲೆ ಬರೆದರೆ ಹೃದಯದ ಆಕಾರ ಬರುವುದರಿಂದ ಅದಕ್ಕೆ ಕಾರ್ಡಿಯಾಯ್ಡ್ ಎಂದು ಹೆಸರು.

ಅದೇ ಕಂಪನಿಯ ಅರ್ನಿ ಸೀಲರ್ ಈ ತತ್ತ್ವವನ್ನು ಕೈಹಿಡಿಯ ಅಳತೆಗೆ ತಂದರು. 1959ರ ‘ಯೂನಿಡೈನ್ 3’ರಲ್ಲಿ ತುದಿಗೆ ಬಾಯಿಟ್ಟು ಹಾಡಬಹುದಾಯಿತು. 1966ರಲ್ಲಿ ಬಂದ ‘ಎಸ್‌ಎಂ 58’ಕ್ಕೆ ತಲೆಯ ಮೇಲೆ ಚೆಂಡಿನಂಥ ಬಲೆ, ಒಳಗೆ ಸ್ಪಂಜು. ಇಂದು ಯಾವ ವೇದಿಕೆಯಲ್ಲಿ ನೋಡಿದರೂ ಕಣ್ಣಿಗೆ ಬೀಳುವ ಆಕಾರ ಅದೇ. ಎಸ್‌ಎಂ ಎಂದರೆ ಸ್ಟುಡಿಯೋ ಮೈಕ್ರೊಫೋನ್. ಸ್ಟುಡಿಯೋಗೆಂದು ಹುಟ್ಟಿದ್ದು ವೇದಿಕೆಯಲ್ಲಿ ನೆಲೆಗೊಂಡಿತು. ಮೊದಮೊದಲು ಅದರ ಮಾರಾಟ ಮಂದವಾಗಿತ್ತು. ಲಾಸ್ ವೇಗಾಸ್ ನಗರದ ರಂಗಮಂದಿರಗಳ ಗಾಯಕರು ಕೈಗೆತ್ತಿಕೊಂಡ ಮೇಲೆಯೇ ಅದಕ್ಕೆ ಬೇಡಿಕೆ ಬಂದಿತು.

ಈ ಚರಿತ್ರೆಯಿಂದ ಕೊಳ್ಳುವವರಿಗೆ ಸಿಗುವ ಪಾಠವೇನು? ಮೈಕು ಏನನ್ನು ಕೇಳುತ್ತದೆ ಎಂಬುದರಷ್ಟೇ, ಯಾವ ಕಡೆಯಿಂದ ಕೇಳುವುದಿಲ್ಲ ಎಂಬುದನ್ನೂ ವಿಚಾರಿಸಿರಿ. ಕಾರ್ಡಿಯಾಯ್ಡ್ ಮೈಕು ಅತಿ ಕಡಿಮೆ ಕೇಳುವುದು ನೇರ ಹಿಂಬದಿಯಿಂದ. ಹಾಡುವವರಿಗೆ ತಮ್ಮ ದನಿ ಕೇಳಲೆಂದು ಇಡುವ ಧ್ವನಿವರ್ಧಕ ಮೈಕಿನ ಬಾಲದ ದಿಕ್ಕಿಗೆ ಇರಲಿ. ಸೂಪರ್‌ಕಾರ್ಡಿಯಾಯ್ಡ್ ಎಂಬುದು ಇನ್ನೂ ಕಿರಿದಾದ ಕ್ಷೇತ್ರದ್ದು. ಆದರೆ ಅದು ನೇರ ಹಿಂದಿನಿಂದ ಸ್ವಲ್ಪ ಕೇಳುತ್ತದೆ. ಮುಂಭಾಗದಿಂದ ಸುಮಾರು 126 ಡಿಗ್ರಿಯಷ್ಟು ಓರೆಯಲ್ಲಿ ಎರಡೂ ಪಕ್ಕದಿಂದ ಕೇಳುವುದಿಲ್ಲ. ಅದನ್ನು ಕೊಂಡರೆ ಧ್ವನಿವರ್ಧಕಗಳನ್ನು ಓರೆಗೆ ಸರಿಸಬೇಕು. ತಂತಿಯಿಲ್ಲದ ಮೈಕಿನ ತಲೆಗೂ ಇದೇ ನಿಯಮ. ಕಂಡೆನ್ಸರ್ ಜಾತಿಯ ಕೈಮೈಕುಗಳೂ ಇಂದು ಉಂಟು, ದನಿಯೂ ನಯ. ಆದರೆ ತಂತಿಯುಳ್ಳವುಗಳಲ್ಲಿ ಹೆಚ್ಚಿನವಕ್ಕೆ 48 ವೋಲ್ಟ್ ವಿದ್ಯುತ್ತನ್ನು ತಂತಿಯ ಮೂಲಕ ಒದಗಿಸಬೇಕು. ಹತ್ತು ಕೈಗಳಿಗೆ ದಾಟುವ ಸಂಘದ ಮೈಕಿಗೆ ಡೈನಮಿಕ್ಕೇ ಸಾಕು.

ಕೊಂಡಮೇಲೆ ಹಿಡಿಯುವ ರೀತಿಯೂ ಮುಖ್ಯ. ಬಾಯಿಂದ 20 ಸೆಂಟಿಮೀಟರ್ ದೂರವಿದ್ದ ಮೈಕನ್ನು 10 ಸೆಂಟಿಮೀಟರಿಗೆ ತಂದರೆ ಅದಕ್ಕೆ ಬೀಳುವ ದನಿಯ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆಂಪ್ಲಿಫೈಯರನ್ನು ಅಷ್ಟರಮಟ್ಟಿಗೆ ತಗ್ಗಿಸಬಹುದು. ತೀರ ಹತ್ತಿರ ತಂದರೆ ಮಂದ್ರದ ಭಾಗ ಉಬ್ಬಿ ದನಿ ಗುಮ್ಮೆನ್ನುತ್ತದೆ. ಪ, ಫ, ಬ, ಭ ಅಕ್ಷರಗಳ ಉಸಿರು ‘ಧಪ್’ ಎಂದು ಬಡಿಯುತ್ತದೆ. ಮೈಕನ್ನು ತುಸು ಓರೆಯಾಗಿ ಹಿಡಿದರೆ ಉಸಿರು ಪಕ್ಕಕ್ಕೆ ಸಾಗುತ್ತದೆ. ಇನ್ನು ಶೋಕಿಗೆಂದು ಬಲೆಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವವರುಂಟು. ಬೌವರ್ ತೆರೆದ ಕಿಂಡಿಗಳನ್ನು ಆ ಮುಷ್ಟಿ ಮುಚ್ಚಿಬಿಡುತ್ತದೆ. ಮೈಕು ಮತ್ತೆ ಸುತ್ತಲಿನದೆಲ್ಲವನ್ನೂ ಕೇಳತೊಡಗಿ ಕೂಗುತ್ತದೆ.

ಕೊನೆಯದಾಗಿ, ಅಂಗಡಿಯ ‘ಹಲೋ’ವನ್ನು ನಂಬಬೇಡಿ. ಸಾಧ್ಯವಾದರೆ ನಿಮ್ಮ ಸಭಾಂಗಣಕ್ಕೇ ಎರಡು ಮೂರು ಮೈಕುಗಳನ್ನು ತರಿಸಿ, ಧ್ವನಿವರ್ಧಕಗಳನ್ನು ಅವುಗಳ ಜಾಗದಲ್ಲಿಟ್ಟು, ನಿಮ್ಮಲ್ಲಿ ಅತ್ಯಂತ ಮೆಲುದನಿ ಯಾರದೋ ಅವರಿಂದ ಹಾಡಿಸಿರಿ. ದನಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಿ. ಆ ಹಾಡು ಕೊನೆಯ ಸಾಲಿಗೆ ಮುಟ್ಟಿದಮೇಲೂ ಯಾವ ಮೈಕು ಸುಮ್ಮನಿರುತ್ತದೆಯೋ, ಅದೇ ನೀವು ಕೊಳ್ಳಬೇಕಾದ ಮೈಕು.